ಕುಂದಾಪುರ ರೈಲ್ವೆ ಸ್ಟೇಷನ್ ಪೇಟೆಯಿಂದ ಇಷ್ಟು ದೂರ ಯಾಕೆ? ಅಮ್ಮನನ್ನು ಕರ್ಕೊಂಡು ಬರ್ತಿದ್ದೇನೆ, ತಿಳಿದವರು ಹೇಳಿ

ಕೋಡಿ ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕೋಡಿಯಲ್ಲಿ. ಬೆಂಗಳೂರು ಸೇರಿ ಹತ್ತೊಂಬತ್ತು ವರ್ಷ ಆಯ್ತು. ಇಷ್ಟು ವರ್ಷವೂ ಊರಿಗೆ ಹೋಗಿ ಬಂದದ್ದು ರಾತ್ರಿ ಬಸ್ಸಲ್ಲೇ. ಹೋದ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. ಆವತ್ತಿನಿಂದ ನನ್ನ ಜೊತೆಗೇ ಇದ್ದಾರೆ. ವಯಸ್ಸು 74. ಈಗ ಊರಿಗೆ ಹೋಗಬೇಕು ಅಂತ ಒಂದೇ ಹಟ. ಬಸ್ಸಲ್ಲಿ ರಾತ್ರಿಯಿಡೀ ಕಾಲು ಮಡಚಿ ಕೂರೋಕೆ ಆಗಲ್ಲ, ಘಾಟಿ ತಿರುವಿನಲ್ಲಿ ವಾಂತಿ ಬೇರೆ. ಹಾಗಾಗಿ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ. ಅಮ್ಮ ರೈಲಲ್ಲಿ ಮಲಗಿಕೊಂಡು ಹೋಗುವುದು ಇದೇ ಮೊದಲು.

ನನಗೆ ಎರಡು ವಿಷಯ ತಿಳಿಯಬೇಕು. ಬೆಳಗಿನ ಜಾವ ಮೂಡ್ಲಕಟ್ಟೆಯಲ್ಲಿರುವ ಕುಂದಾಪುರ ಸ್ಟೇಷನ್‌ನಲ್ಲಿ ಇಳಿದರೆ ಮಂಡಿ ನೋವಿನವರಿಗೆ ಕಷ್ಟ ಆಗುತ್ತಾ? ಅಲ್ಲಿಂದ ಕೋಡಿಗೆ ಹೋಗುವುದು ಹೇಗೆ?

ಇನ್ನೊಂದು ನನ್ನ ಮಗಳದ್ದು. ಶಾಲೆಯಲ್ಲಿ ಊರಿನ ಯಾವುದಾದರೂ ಒಂದು ಜಾಗದ ಬಗ್ಗೆ ಬರೆಯೋಕೆ ಹೇಳಿದ್ದಾರಂತೆ. ಅವಳು ಸ್ಟೇಷನ್ ಆರಿಸಿದ್ದಾಳೆ. "ಅಮ್ಮ, ಊರು ಸಮುದ್ರದ ಹತ್ರ ಇದೆ, ಸ್ಟೇಷನ್ ಯಾಕೆ ಅಷ್ಟು ಒಳಗಿದೆ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಹಳಿ ಹಿಡಿದವ:
ನಿಮ್ಮ ಮಗಳು ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ ಅಕ್ಕ. ಪೇಟೆಯಿಂದ ಸ್ಟೇಷನ್‌ಗೆ ನಾಲ್ಕೈದು ಕಿಲೋಮೀಟರ್. ಬಸ್ರೂರು ಮೂರುಕೈಯಲ್ಲಿ ಹೈವೇ ಬಿಟ್ಟು ಪೂರ್ವಕ್ಕೆ ತಿರುಗಿದರೆ ಬಸ್ರೂರಿಗೆ ಹೋಗುವ ದಾರಿಯಲ್ಲಿ ಮೂಡ್ಲಕಟ್ಟೆ ಸಿಗುತ್ತದೆ.

ದೂರ ಯಾಕೆ ಅನ್ನುವುದಕ್ಕೆ ಉತ್ತರ ಹಳಿಯಲ್ಲೇ ಇದೆ. ಕರಾವಳಿ ಉದ್ದಕ್ಕೂ ಮಂಗಳೂರಿನಿಂದ ಮುಂಬೈ ಕಡೆಗೆ ಹೋಗುವ ನಮ್ಮ ಕೊಂಕಣ ರೈಲ್ವೆ ಹಳೇ ಕಾಲದ ರೈಲು ಮಾರ್ಗದ ಹಾಗೆ ಹಾಕಿದ್ದಲ್ಲ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ರೈಲು ಓಡಬಹುದು ಅಂತ ಲೆಕ್ಕ ಹಾಕಿ ಮಾಡಿದ ದಾರಿ ಅದು. ಅಷ್ಟು ವೇಗಕ್ಕೆ ಗಟ್ಟಿ ತಿರುವು ಇರಬಾರದು. ಅದಕ್ಕೇ ತಿರುವಿನ ತ್ರಿಜ್ಯ 1,250 ಮೀಟರ್‌ಗಿಂತ ಕಮ್ಮಿ ಆಗಬಾರದು ಅಂತ ಇಟ್ಟುಕೊಂಡರು. ಏರು 150ಕ್ಕೆ 1. ಮಗಳಿಗೆ ಹೀಗೆ ಹೇಳಿ: ನೂರೈವತ್ತು ಹೆಜ್ಜೆ ಮುಂದೆ ಹೋದರೆ ಒಂದೇ ಒಂದು ಹೆಜ್ಜೆಯಷ್ಟು ಮೇಲೆ ಹತ್ತಬಹುದು. ಸಕಲೇಶಪುರದ ಘಾಟಿಯಲ್ಲಿ ಇದು 50ಕ್ಕೆ 1. ಎಷ್ಟು ವ್ಯತ್ಯಾಸ ನೋಡಿ. ಇಷ್ಟು ಸಪಾಟಾಗಿ, ಇಷ್ಟು ನೇರವಾಗಿ ಹೋಗುವ ದಾರಿಯನ್ನು ಸಿಕ್ಕ ಸಿಕ್ಕ ಪೇಟೆಯ ಬಾಗಿಲಿಗೆಲ್ಲ ಬಗ್ಗಿಸೋಕೆ ಆಗಲ್ಲ. ಗುಡ್ಡ ಅಡ್ಡ ಬಂದರೆ ಸುರಂಗ, ಹೊಳೆ ಅಡ್ಡ ಬಂದರೆ ಸೇತುವೆ. ಇಡೀ ಮಾರ್ಗದಲ್ಲಿ 91 ಸುರಂಗ, ಸಣ್ಣದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆ.

ಇನ್ನು ನಮ್ಮ ಕುಂದಾಪುರ. ನಕ್ಷೆ ತೆಗೆದು ನೋಡಿ. ಪಡುವಲಲ್ಲಿ ಕಡಲು. ಉತ್ತರಕ್ಕೆ ಐದು ಹೊಳೆ ಕೂಡುವ ಪಂಚಗಂಗಾವಳಿ. ಕೋಡಿ ಕಡೆಗೆ ಹಿನ್ನೀರು. ಮೂರು ಕಡೆ ನೀರು ಸುತ್ತಿದ ಪೇಟೆ. ಅದರೊಳಗೆ ರೈಲು ನುಗ್ಗಿದ್ದರೆ ಇರುವ ಸ್ವಲ್ಪ ಜಾಗದಲ್ಲಿ ಎಷ್ಟು ಮನೆ, ಎಷ್ಟು ತೆಂಗಿನ ತೋಟ ಹೋಗುತ್ತಿತ್ತು? ಆಚೆ ದಾಟಬೇಕಾದರೆ ಅಳಿವೆಯ ಹತ್ತಿರ, ಹೊಳೆ ಅತೀ ಅಗಲ ಇರುವ ಕಡೆ ಸೇತುವೆ ಕಟ್ಟಬೇಕಿತ್ತು.

ಕುಂದಾಪುರ ಒಂದೇ ಅಲ್ಲ. ಉಡುಪಿ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ. ಗೋಕರ್ಣ ರೋಡ್ ಹೆಸರಲ್ಲೇ "ರೋಡ್" ಇದೆ, ಕ್ಷೇತ್ರ ಅಲ್ಲಿಂದ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್.

ಶಾಸ್ತ್ರಿ ಸರ್ಕಲ್:
ನಾನು ಇದನ್ನು ಒಪ್ಪಲ್ಲ. ಮಂಗಳೂರು ಸೆಂಟ್ರಲ್ ಊರ ಒಳಗೇ ಇದೆ ಅಲ್ವಾ? ಹಂಪನಕಟ್ಟೆಯಿಂದ ನಡೆದು ಹೋಗಬಹುದು. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲಿಲ್ಲ? ಒಂದೆರಡು ಕಿಲೋಮೀಟರ್ ಹತ್ತಿರ ತಂದಿದ್ದರೂ ಎಷ್ಟೋ ಅನುಕೂಲ ಆಗುತ್ತಿತ್ತು.

ಹಳಿ ಹಿಡಿದವ:
ಮಂಗಳೂರು ಸೆಂಟ್ರಲ್ 1907ರದ್ದು. ಮಲಬಾರ್ ಕಡೆಯಿಂದ ಬಂದ ಹಳಿ ನೇತ್ರಾವತಿ ದಾಟಿ ಅಲ್ಲಿಗೆ ಮುಗಿಯುತ್ತಿತ್ತು. ಕೊನೆಯ ಸ್ಟೇಷನ್ ಆದರೆ ಊರ ಮಧ್ಯಕ್ಕೆ ತಂದು ನಿಲ್ಲಿಸಬಹುದು, ಮುಂದೆ ಹೋಗುವ ಚಿಂತೆ ಇಲ್ಲ. ಆದರೆ ಅದೇ ಈಗ ಮಂಗಳೂರಿಗೆ ತೊಂದರೆ ಆಗಿದೆ. ಹಾಸನ ಕಡೆಯಿಂದ ಬಂದು ಉತ್ತರಕ್ಕೆ ಹೋಗುವ ರೈಲು ಸೆಂಟ್ರಲ್ ಒಳಗೆ ಹೋದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ಪಂಚಗಂಗಾ ಯಾಕೆ ಬೇಗ ಬರುತ್ತದೆ ಅಂದರೆ ಅದು ಮಂಗಳೂರು ಪೇಟೆಗೆ ಹೋಗುವುದೇ ಇಲ್ಲ. ಪಡೀಲ್ ಬೈಪಾಸ್ ಹಿಡಿದು ಸೀದಾ ಸುರತ್ಕಲ್ ಕಡೆಗೆ ಬರುತ್ತದೆ.

ಬಸ್ರೂರು ಬಂದರು:
ನಮ್ಮ ಊರಿನವರಿಗೆ ಮಾತ್ರ ಸ್ಟೇಷನ್ ಹತ್ತಿರ ಆಯ್ತು. ಈ ಮಾತನ್ನು ನಾನು ಖುಷಿಯಿಂದಲೇ ಹೇಳುತ್ತೇನೆ. ಒಂದು ಕಾಲದಲ್ಲಿ ಬಸ್ರೂರು ಅಂದರೆ ಅರಬರೂ ಪೋರ್ಚುಗೀಸರೂ ಬರುತ್ತಿದ್ದ ಬಂದರು. 1569ರಲ್ಲಿ ಪೋರ್ಚುಗೀಸರು ಹಿಡಿದರು. 1665ರಲ್ಲಿ ಶಿವಾಜಿ ಕಡಲ ದಾರಿಯಲ್ಲೇ ಬಂದು ಇಲ್ಲಿ ದಾಳಿ ಮಾಡಿದ. ಆಮೇಲೆ ಬಂದರು ಹೋಯಿತು, ವ್ಯಾಪಾರ ಕುಂದಾಪುರಕ್ಕೂ ಮಂಗಳೂರಿಗೂ ಹೋಯಿತು. ನಮ್ಮಲ್ಲಿ ಉಳಿದದ್ದು ದೇವಸ್ಥಾನ, ಕೆರೆ, ಶಾಸನದ ಕಲ್ಲು. ಈಗ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತರೆ ರೈಲಿನ ಸದ್ದು ಕೇಳುತ್ತದೆ. ಇಷ್ಟು ಶತಮಾನ ಬಿಟ್ಟು ದೂರದ ಊರಿನವರು ಮತ್ತೆ ನಮ್ಮ ಹತ್ತಿರ ಬಂದು ಇಳಿಯುತ್ತಿದ್ದಾರೆ ಅಂತ ಅನಿಸುತ್ತದೆ. ಮಗಳ ಬರಹದಲ್ಲಿ ಇದಕ್ಕೂ ಎರಡು ಸಾಲು ಜಾಗ ಕೊಡಿ.

ಕೋಡಿ ಮಗಳು:
ಖಂಡಿತ ಬರೆಸುತ್ತೇನೆ. ಈಗಲೇ ಓದಿ ಹೇಳಿದೆ, ಅವಳಿಗೆ ಶಿವಾಜಿ ಹಡಗಲ್ಲಿ ಬಂದ ಅನ್ನುವುದೇ ದೊಡ್ಡ ವಿಷಯ ಆಗಿದೆ.

ದಾದರ್ ಕುಂದಾಪ್ರದವ:
ಹ್ವಾಯ್, ಈ ಚರ್ಚೆ ನೋಡಿ ಸುಮ್ನೆ ಕೂರೋಕೆ ಆಗಲಿಲ್ಲ. ನಾನು 1971ರಲ್ಲಿ ಮುಂಬೈಗೆ ಬಂದವನು. ಹದಿಮೂರು ವರ್ಷ ಆಗ. ನಮ್ಮ ಕಡೆಯವರ ಹೋಟೆಲಲ್ಲಿ ಟೇಬಲ್ ಒರೆಸುವ ಕೆಲಸ. ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ಕುಂದಾಪುರ, ಬೈಂದೂರು ಕಡೆಯ ನೂರಾರು ಮಕ್ಕಳು ಹಾಗೆಯೇ ಬೆಳೆದವರು.

ಆಗ ಊರಿಗೆ ಬರುವುದು ಅಂದರೆ ಏನು ಅಂತ ಈಗಿನವರಿಗೆ ಗೊತ್ತಾಗಬೇಕು. ಬಸ್ಸಲ್ಲಿ ಒಂದು ರಾತ್ರಿ ಒಂದು ಹಗಲು, ಮೈಯೆಲ್ಲ ಧೂಳು. ರೈಲು ಬೇಕು ಅಂದರೆ ಮುಂಬೈಯಿಂದ ಆಚೆ ಪೂರ್ವಕ್ಕೆ ಹೋಗಿ, ದಕ್ಷಿಣ ಸುತ್ತಿ, ಕೇರಳದ ಮೇಲೆ ಮಂಗಳೂರಿಗೆ ಬರಬೇಕು. 2,041 ಕಿಲೋಮೀಟರ್. ಕೊಂಕಣ ರೈಲ್ವೆ ಆದ ಮೇಲೆ ಅದೇ ದಾರಿ 914 ಕಿಲೋಮೀಟರ್ ಆಯ್ತು. 41 ಗಂಟೆಯ ಪ್ರಯಾಣ 15 ಗಂಟೆಗೆ ಇಳಿಯಿತು. ಈ ಲೆಕ್ಕ ನನಗೆ ಬಾಯಿಪಾಠ.

ನನ್ನ ಅಪ್ಪ ತೀರಿಕೊಂಡಾಗ ನಾನು ಮನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅಬ್ಬಿ, ಅಂದರೆ ನನ್ನ ಅಮ್ಮ, ತೀರಿಕೊಂಡದ್ದು ರೈಲು ಬಂದ ಮೇಲೆ. ಸಂಜೆ ಫೋನ್ ಬಂತು, ಮರುದಿನ ಅವಳ ಮುಖ ನೋಡಿದೆ. ನನ್ನಂಥವರಿಗೆ ಕೊಂಕಣ ರೈಲ್ವೆ ಕೊಟ್ಟದ್ದು ಇದು.

1998ರ ಮೇ ತಿಂಗಳಲ್ಲಿ ಮುಂಬೈ–ಮಂಗಳೂರು ನಡುವೆ ಮತ್ಸ್ಯಗಂಧ ರೈಲು ಶುರುವಾಯ್ತು. ಶುರುವಾದ ಮೊದಲ ದಿನಗಳಲ್ಲೇ ನಾನು ಬಂದೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ಮೇಲೆ ಬಂದಾಗ ಇಡೀ ಬೋಗಿ ಬಾಗಿಲಿಗೆ ಬಂದು ನಿಂತಿತ್ತು. ಎರಡು ಕಿಲೋಮೀಟರ್ ದಾಟಿದ ಉದ್ದ, ಈ ಮಾರ್ಗದಲ್ಲೇ ಅತಿ ಉದ್ದದ ಸೇತುವೆ. ಕೆಳಗೆ ನೀರು, ದೂರದಲ್ಲಿ ಅಳಿವೆ. ನನ್ನ ಪಕ್ಕದವರು ಶಿರೂರಿನ ಒಬ್ಬ ಹಿರಿಯರು. ಕೈಯಲ್ಲಿ ಒಂದು ಅಲ್ಯೂಮಿನಿಯಂ ಡಬ್ಬಿ ಇತ್ತು. ಅದರಿಂದ ನಾಲ್ಕಾಣೆ ತೆಗೆದು ಹೊಳೆಗೆ ಹಾಕಿ ಕೈ ಮುಗಿದರು. ಆಮೇಲೆ ಶಿರೂರು ದಾಟುವವರೆಗೂ ಒಂದು ಮಾತಾಡಲಿಲ್ಲ, ಕಿಟಕಿಯಲ್ಲೇ ಇದ್ದರು.

ಗಂಗೊಳ್ಳಿ ಬದಿ:
ಮಾಮ, ನಿಮ್ಮ ಮಾತು ಓದಿ ನನ್ನ ಅಪ್ಪನಿಗೆ ಓದಿ ಹೇಳಿದೆ. ಅವರೂ ಘಾಟ್ಕೋಪರ್‌ನಲ್ಲಿ ಇದ್ದವರು. ಕಣ್ಣು ಒರೆಸಿಕೊಂಡರು.

ಹಳಿ ಹಿಡಿದವ:
ಮಗಳು ಸ್ಟೇಷನ್ ಬಗ್ಗೆ ಬರೆಯಬೇಕು ಅಂದಿರಲ್ಲ, ಅಕ್ಕ. ಇಸವಿಗಳನ್ನು ಇಲ್ಲಿ ಹಾಕುತ್ತೇನೆ, ಮಗಳಿಗೆ ಬೇಕಾದದ್ದು ತೆಗೆದುಕೊಳ್ಳಲಿ.

ಪಶ್ಚಿಮ ಕರಾವಳಿಗೆ ರೈಲು ಬೇಕು ಅನ್ನುವ ಕೂಗು ಬಹಳ ಹಳೆಯದು. ಮಂಗಳೂರಿಗೆ 1907ರಲ್ಲೇ ರೈಲು ಬಂದರೂ ಅಲ್ಲಿಂದ ಉತ್ತರಕ್ಕೆ ಉಡುಪಿ ಕಡೆಗೆ ಎಂಬತ್ತಾರು ವರ್ಷ ರೈಲು ಓಡಲಿಲ್ಲ. ದುಡ್ಡೇ ಮುಖ್ಯ ಅಡ್ಡಿ. ಅಷ್ಟು ಹೊಳೆ, ಅಷ್ಟು ಗುಡ್ಡ. ಕೊನೆಗೆ ಮಂಗಳೂರಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ ಆದಾಗ ಬೇರೆ ದಾರಿ ಹುಡುಕಿದರು. ರೈಲ್ವೆ ಬಜೆಟ್ಟಿಗೆ ಕಾಯದೆ ಒಂದು ನಿಗಮ ಮಾಡಿ, ಬಾಂಡ್ ಬಿಟ್ಟು ಜನರಿಂದ ಸಾಲ ಎತ್ತಿ ಕಟ್ಟುವುದು. 1990ರ ಜುಲೈ 19ರಂದು ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕೇಂದ್ರದ ಪಾಲು 51 ಶೇಕಡಾ, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು.

1993ರ ಮಾರ್ಚ್ 20ರಂದು ಮಂಗಳೂರು–ಉಡುಪಿ ರೈಲು ಓಡಿತು. ಅಂದರೆ ಇಡೀ ಕೊಂಕಣ ರೈಲ್ವೆಯಲ್ಲಿ ಮೊದಲು ರೈಲು ನೋಡಿದವರು ನಮ್ಮ ಜಿಲ್ಲೆಯವರು. ಆಮೇಲೆ ಕುಂದಾಪುರ ತನಕ ಬಂತು. ಕೆಲವು ಕಾಲ ಕುಂದಾಪುರವೇ ಕೊನೆಯ ಸ್ಟೇಷನ್. 1997ರಲ್ಲಿ ಇಲ್ಲಿಂದ ಗೋವಾದ ಪೆರ್ನೆಮ್ ತನಕ ದಾರಿ ತೆರೆಯಿತು. ಪೆರ್ನೆಮ್ ಸುರಂಗದಲ್ಲಿ ಮಣ್ಣು ಮೆತ್ತಗಿದ್ದು ಕುಸಿದು ಕುಸಿದು ಬಹಳ ಕಾಡಿಸಿತು. ಅದು ಮುಗಿದು 1998ರ ಜನವರಿ 26ರಂದು ಇಡೀ ಮಾರ್ಗ ಓಡಾಟಕ್ಕೆ ಸಿಕ್ಕಿತು.

ಬೆಂಗಳೂರಿನ ಸಂಪರ್ಕದ ಕಥೆಯೇ ಬೇರೆ. ಹಾಸನ–ಮಂಗಳೂರು ನಡುವಿನ ಮೀಟರ್ ಗೇಜ್ ಹಳಿಯನ್ನು ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಮಾಡೋಕೆ ಅಂತ 1996ರಲ್ಲಿ ರೈಲು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ನಮಗೆ ಮುಂಬೈ ಹತ್ತಿರ ಇತ್ತು, ನಮ್ಮದೇ ರಾಜಧಾನಿ ದೂರ ಇತ್ತು.

ಪಂಚಗಂಗಾ ಶುರುವಾದದ್ದು 2020ರ ಮಾರ್ಚ್ 7ರಂದು, ಮೊದಲು ಯಶವಂತಪುರದಿಂದ ಗೋವಾದ ವಾಸ್ಕೊ ತನಕ. ಎರಡೇ ವಾರದಲ್ಲಿ ಲಾಕ್‌ಡೌನ್ ಬಂದು ನಿಂತಿತು. ಆಮೇಲೆ ಬೆಂಗಳೂರು–ಕಾರವಾರ ಆಯ್ತು. ಹೆಸರು ನಮ್ಮ ಹೊಳೆಯದ್ದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಈ ಐದೂ ಕೂಡಿ ಕಡಲು ಸೇರುವ ಜಾಗದ ಹೆಸರು ರೈಲಿನ ಬೋರ್ಡಲ್ಲಿ ಇದೆ. ಯಶವಂತಪುರದಲ್ಲಿ ಆ ಬೋರ್ಡ್ ನೋಡಿದಾಗಲೆಲ್ಲ ನನಗೆ ಊರು ಅರ್ಧ ಮುಟ್ಟಿದ ಹಾಗೆ ಆಗುತ್ತದೆ.

ಕುಮಟೆ ಹತ್ರದವಳು:
ಇತಿಹಾಸ ಆಯ್ತು, ಈಗ ಅಮ್ಮನ ಮಂಡಿ ವಿಷಯಕ್ಕೆ ಬರುತ್ತೇನೆ. ಅಕ್ಕ, ಪ್ಲಾಟ್‌ಫಾರ್ಮ್ ಎತ್ತರ ಮೊದಲು ವಿಚಾರಿಸಿಕೊಳ್ಳಿ. ಕರಾವಳಿಯ ಎಷ್ಟೋ ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರ್ಮ್ ತಗ್ಗು. ಬೋಗಿಯ ಮೆಟ್ಟಿಲಿನಿಂದ ನೆಲ ಬಹಳ ಕೆಳಗೆ ಇರುತ್ತದೆ. ನನ್ನ ಅತ್ತೆಗೆ ಹೀಗೇ ಆಯ್ತು. ಊರಿನ ಹೆಸರು ಬೇಡ, ಒಂದು ಸಣ್ಣ ಸ್ಟೇಷನ್. ನಮ್ಮ ಬೋಗಿ ಮಾಡು (ಸೂರು) ಇರುವ ಜಾಗ ದಾಟಿ ತುದಿಗೆ ಹೋಗಿ ನಿಂತಿತು. ಜೋರು ಮಳೆ. ಕಾಲು ಕೆಳಗೆ ಇಟ್ಟರೆ ನೆಲವೇ ಸಿಗಲ್ಲ. ರೈಲು ನಿಲ್ಲುವುದು ಎರಡು ನಿಮಿಷ. ಅತ್ತೆ ಕಂಬಿ ಹಿಡಿದು ನಡುಗುತ್ತಾ ನಿಂತುಬಿಟ್ಟರು. ಕೊನೆಗೆ ಕೆಳಗಿದ್ದ ಇಬ್ಬರು ಹುಡುಗರು ಎತ್ತಿ ಇಳಿಸಿದರು.

ಆವತ್ತಿನಿಂದ ನಾನು ಮಾಡುವುದು ಇಷ್ಟು. ಒಂದು ಪ್ಲಾಸ್ಟಿಕ್ ಸ್ಟೂಲ್ ಜೊತೆಗೆ ಇಟ್ಟುಕೊಳ್ಳುತ್ತೇನೆ. ಬಚ್ಚಲಲ್ಲಿ ಇಟ್ಟುಕೊಳ್ಳುವ ಮೊಳ ಎತ್ತರದ್ದು, ನಾಲ್ಕು ಕಾಲೂ ಗಟ್ಟಿ ಇರಬೇಕು. ಮೊದಲು ಒಬ್ಬರು ಇಳಿದು ಸ್ಟೂಲ್ ಮೆಟ್ಟಿಲಿನ ಕೆಳಗೆ ಇಟ್ಟು ಒಂದು ಕಾಲಿನಿಂದ ಒತ್ತಿ ಹಿಡಿಯಬೇಕು. ಇಳಿಯುವವರು ರೈಲಿನ ಕಡೆ ಮುಖ ಮಾಡಿ, ಏಣಿ ಇಳಿದ ಹಾಗೆ, ಗಟ್ಟಿ ಇರುವ ಕಾಲನ್ನು ಮೇಲೆ ಬಿಟ್ಟು ನೋವಿನ ಕಾಲನ್ನು ಮೊದಲು ಇಳಿಸಬೇಕು. ಹತ್ತುವಾಗ ತಿರುಗಾಮುರುಗಾ. ಫಿಸಿಯೋದವರು ಹೇಳಿಕೊಟ್ಟದ್ದು ಇದು. ಮನೆಯ ಮೆಟ್ಟಿಲಲ್ಲಿ ಎರಡು ದಿನ ಅಭ್ಯಾಸ ಮಾಡಿಸಿ.

ಗಾಲಿಕುರ್ಚಿ ಬೇಕಿದ್ದರೆ ಮೊದಲೇ ತಿಳಿಸಿ. 139ಕ್ಕೆ ಫೋನ್ ಮಾಡಬಹುದು. ಕೆಳಗಿನ ಬರ್ತ್ ಸಿಕ್ಕಿದೆ ತಾನೇ? 45 ದಾಟಿದ ಹೆಂಗಸರಿಗೆ ಅದಕ್ಕೆ ಕೋಟಾ ಇದೆ. ಹಿರಿಯರಿಗೆ ಟಿಕೆಟ್ ದರದಲ್ಲಿ ಇದ್ದ ರಿಯಾಯಿತಿ ಮಾತ್ರ 2020ರಿಂದ ನಿಂತುಹೋಗಿದೆ, ಅದು ಮತ್ತೆ ಬರಬೇಕು.

ಕೋಡಿ ಮಗಳು:
ಇದೇ ಬೇಕಾಗಿತ್ತು ನನಗೆ. ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಕೆಳಗಿನ ಬರ್ತೇ ಸಿಕ್ಕಿದೆ. ನಮ್ಮ ಬಚ್ಚಲಲ್ಲಿ ಒಂದು ನೀಲಿ ಸ್ಟೂಲ್ ಇದೆ, ಅದನ್ನೇ ತೊಳೆದು ತರುತ್ತೇನೆ.

ಶಾಸ್ತ್ರಿ ಸರ್ಕಲ್:
ಮಂಡಿ ನೋವಿನ ಅಮ್ಮ ಸ್ಟೂಲ್ ಹೊತ್ತುಕೊಂಡು ಬರಬೇಕಾಗಿದೆ ಅಂದರೆ ನನಗೆ ಬೇಜಾರಾಗುತ್ತದೆ. 2023ರ ಡಿಸೆಂಬರ್ 30ಕ್ಕೆ ಮಂಗಳೂರು–ಮಡಗಾಂವ್ ವಂದೇ ಭಾರತ್ ಶುರುವಾಯ್ತು. ನಡುವೆ ನಿಲ್ಲಿಸಿದ್ದು ಉಡುಪಿ, ಕಾರವಾರ ಎರಡೇ ಕಡೆ. ಕುಂದಾಪುರ ಇಲ್ಲ. ಕೊಲ್ಲೂರಿಗೆ ಹೋಗುವವರು, ಮರವಂತೆ ನೋಡುವವರು, ಎಷ್ಟು ಜನ ಇದ್ದಾರೆ ನಮ್ಮಲ್ಲಿ! ಮೊದಲು ನಿಲುಗಡೆ ಕೇಳಬೇಕು.

ಮೂರುಕೈ ಆಟೋ:
ನಾನು ಇಪ್ಪತ್ತೆರಡು ವರ್ಷದಿಂದ ಕುಂದಾಪುರದಲ್ಲಿ ಆಟೋ ಓಡಿಸುತ್ತಿದ್ದೇನೆ. ಸ್ಟೇಷನ್ ಬಾಡಿಗೆ ಜಾಸ್ತಿ. ನಿಲುಗಡೆ ಕೇಳುವುದು ಸರಿ, ಆದರೆ ನಾನು ದಿನಾ ನೋಡುವುದನ್ನು ಹೇಳುತ್ತೇನೆ. ಬೆಳಗಿನ ಜಾವ ರೈಲಿನಿಂದ ಇಳಿದವರಲ್ಲಿ ಅರ್ಧ ಜನಕ್ಕೆ ಮನೆಯವರು ಬೈಕೋ ಕಾರೋ ತಂದಿರುತ್ತಾರೆ. ಉಳಿದವರು ಆಟೋ. ಒಬ್ಬರೇ ಹೆಂಗಸರು, ಕಾಲೇಜು ಮಕ್ಕಳು, ದೊಡ್ಡ ಗಂಟು ಹೊತ್ತ ಅಜ್ಜಿಯಂದಿರು ಇರುತ್ತಾರೆ. ಗಂಗೊಳ್ಳಿಗೆ, ಕೊಲ್ಲೂರಿಗೆ, ಸಿದ್ದಾಪುರಕ್ಕೆ ಹೋಗುವವರು ಮೊದಲು ಶಾಸ್ತ್ರಿ ಸರ್ಕಲ್‌ಗೆ ಬಂದು ಬಸ್ಸು ಹಿಡಿಯಬೇಕು. ರೈಲಿನ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಸ್ಟೇಷನ್ ಅಂಗಳದಿಂದ ಹೊರಟರೆ ಎಷ್ಟು ಜನಕ್ಕೆ ಉಪಕಾರ! ನನ್ನ ಬಾಡಿಗೆ ಕಮ್ಮಿ ಆಗಬಹುದು, ಆಗಲಿ. ನನ್ನ ಮಗಳೂ ಹುಬ್ಬಳ್ಳಿಯಲ್ಲಿ ಓದುತ್ತಾಳೆ. ಅವಳೂ ಎಲ್ಲೋ ಒಂದು ಸ್ಟೇಷನ್‌ನಲ್ಲಿ ಕತ್ತಲಲ್ಲಿ ಇಳಿಯುತ್ತಾಳೆ ಅಲ್ವಾ?

ಅಕ್ಕ, ರೈಲು ಉಡುಪಿ ಬಿಟ್ಟ ಕೂಡಲೇ ನನಗೆ ಒಂದು ಕರೆ ಮಾಡಿ. ಈ ಖಾತೆಗೆ ಮೆಸೇಜ್ ಹಾಕಿದರೆ ನಂಬರ್ ಕಳಿಸುತ್ತೇನೆ. ಹೊರಗಿನ ಬಾಗಿಲಿನ ಹತ್ತಿರವೇ ಇರುತ್ತೇನೆ. ರೈಲು ತಡವಾದರೂ ಕಾಯುತ್ತೇನೆ.

ಗಂಗೊಳ್ಳಿ ಬದಿ:
ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸ್ಟೇಷನ್ ಪಕ್ಕದ ಕಾಲೇಜಲ್ಲೇ ಓದಿದವನು. ಗಂಗೊಳ್ಳಿಯಿಂದ ನೋಡಿದರೆ ಕುಂದಾಪುರ ಹೊಳೆಯ ಆಚೆ ದಡದಲ್ಲೇ ಕಾಣುತ್ತದೆ. ದೋಣಿಯಲ್ಲಾದರೆ ಹತ್ತು ನಿಮಿಷ. ರಸ್ತೆಯಲ್ಲಿ ಸುತ್ತಿ ಬರಬೇಕು. ಅದಾದ ಮೇಲೆ ಮತ್ತೆ ಸ್ಟೇಷನ್‌ಗೆ ಬೇರೆ ಬಸ್ಸು. ನಮಗೆ ಹತ್ತಿರ ಸೇನಾಪುರ ಸ್ಟೇಷನ್, ಆದರೆ ಅಲ್ಲಿ ದೊಡ್ಡ ರೈಲು ನಿಲ್ಲುವುದಿಲ್ಲ. ಸೇನಾಪುರದಲ್ಲಿ ಬೆಂಗಳೂರು ರೈಲು ನಿಲ್ಲಬೇಕು ಅಂತ ನಮ್ಮ ಕಡೆಯವರು ಕೇಳುತ್ತಲೇ ಬಂದಿದ್ದಾರೆ. ಮರವಂತೆ, ತ್ರಾಸಿ, ನಾಡ, ಹೆಮ್ಮಾಡಿ ಎಲ್ಲರಿಗೂ ಅದೇ ಹತ್ತಿರ.

ದಾದರ್ ಕುಂದಾಪ್ರದವ:
ಟಿಕೆಟ್ ದರದ ವಿಷಯ ಯಾರೂ ಎತ್ತಲಿಲ್ಲ. ಕೊಂಕಣ ರೈಲ್ವೆಯಲ್ಲಿ ನೂರು ಕಿಲೋಮೀಟರ್ ಹೋದರೆ ಟಿಕೆಟ್ ಲೆಕ್ಕದಲ್ಲಿ ನೂರನಲವತ್ತು ಹಿಡಿಯುತ್ತಾರೆ. ಕಟ್ಟಿದ ಸಾಲ ತೀರಿಸೋಕೆ ಅಂತ ಮಾಡಿದ್ದು. ಆಗ ಸರಿ, ಒಪ್ಪಿಕೊಂಡೆವು. ನಮ್ಮ ಭೂಮಿಯೂ ಕೊಟ್ಟೆವು. ಇಡೀ ಮಾರ್ಗದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಜಾಗ ಬಿಟ್ಟುಕೊಟ್ಟಿದ್ದಾರೆ. ಇಷ್ಟು ವರ್ಷ ಹೆಚ್ಚು ದುಡ್ಡು ಕೊಟ್ಟವರಿಗೆ ಒಂದು ಎತ್ತರದ ಪ್ಲಾಟ್‌ಫಾರ್ಮ್, ಉದ್ದಕ್ಕೂ ಮಾಡು ಕೇಳುವ ಹಕ್ಕು ಇದೆ.

ಹಳಿ ಹಿಡಿದವ:
ಮಾಮ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಾರೆ. ಇಲ್ಲಿ ಒಂದು ತೊಡಕು ಇದೆ. ಬೆಂಗಳೂರಿನಿಂದ ಕುಂದಾಪುರಕ್ಕೆ ಒಂದೇ ರೈಲಲ್ಲಿ ಮಲಗಿ ಬರುತ್ತೇವೆ, ಆದರೆ ದಾರಿಯಲ್ಲಿ ಮೂರು ಯಜಮಾನರು. ಮೊದಲು ನೈಋತ್ಯ ರೈಲ್ವೆ, ಮಂಗಳೂರಿನ ಹತ್ತಿರ ಸ್ವಲ್ಪ ದಕ್ಷಿಣ ರೈಲ್ವೆ, ತೋಕೂರಿನಿಂದ ಈಚೆ ಕೊಂಕಣ ರೈಲ್ವೆ. ಕೇಂದ್ರದ ಬಜೆಟ್‌ನಲ್ಲಿ ಸ್ಟೇಷನ್ ಅಭಿವೃದ್ಧಿಗೆ ದುಡ್ಡು ಬಂದರೂ ಅದು ಭಾರತೀಯ ರೈಲ್ವೆಯ ವಲಯಗಳಿಗೆ ಹೋಗುತ್ತದೆ. ನಿಗಮ ತನ್ನ ಗಳಿಕೆಯಲ್ಲೇ ಎಲ್ಲವನ್ನೂ ನೋಡಿಕೊಳ್ಳಬೇಕು. ಅದಕ್ಕೇ ನಿಗಮವನ್ನು ಭಾರತೀಯ ರೈಲ್ವೆಗೆ ಸೇರಿಸಿ ಅಂತ ಕರಾವಳಿಯಲ್ಲಿ ಕೇಳುತ್ತಿರುವುದು. ಕರ್ನಾಟಕ, ಗೋವಾ, ಕೇರಳ ಒಪ್ಪಿದ್ದವು. 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿಗೆ ಕೊಟ್ಟಿತು.

ಆದರೆ ನಿಗಮದ ಕೆಲಸಗಾರರನ್ನು ನಾನು ಬಿಟ್ಟುಕೊಡಲ್ಲ. ಮಳೆಗಾಲದಲ್ಲಿ ಈ ಹಳಿಯನ್ನು ಕಾಯುವುದು ಸಾಮಾನ್ಯ ಕೆಲಸ ಅಲ್ಲ. ನಮ್ಮ ಗುಡ್ಡ ನಿಮಗೆ ಗೊತ್ತಲ್ಲ. ಮೇಲೆ ಮುರಕಲ್ಲು, ಗಟ್ಟಿ. ಕೆಳಗೆ ಶೇಡಿ ಮಣ್ಣು, ಅಂದರೆ ಮೆತ್ತನೆಯ ಜೇಡಿ. ನೀರು ಕುಡಿದರೆ ಬೆಣ್ಣೆ ಹಾಗೆ ಜಾರುತ್ತದೆ. ಬಾವಿ ತೋಡಿದವರನ್ನು ಕೇಳಿ, ಹೇಳುತ್ತಾರೆ. ಅಂಥ ಗುಡ್ಡ ಸೀಳಿ ಹಳಿ ಹಾಕಿದ್ದಾರೆ. 2003ರಲ್ಲಿ ವೈಭವವಾಡಿ ಹತ್ತಿರ, 2004ರಲ್ಲಿ ಮತ್ಸ್ಯಗಂಧಕ್ಕೇ ಮಹಾಡ್ ಕಡೆ ಮಳೆಗಾಲದಲ್ಲಿ ದೊಡ್ಡ ಅಪಘಾತ ಆಗಿ ಜೀವ ಹೋದವು. ಆಮೇಲೆ ಗುಡ್ಡದ ಇಳಿಜಾರನ್ನು ಕಡಿಮೆ ಮಾಡಿದರು, ಬಲೆ ಹಾಕಿದರು, ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಬಂತು. ಜೋರು ಮಳೆಯಲ್ಲಿ ಮುಂದೆ ಕಾಣದಿದ್ದರೆ 40 ಕಿಲೋಮೀಟರ್ ವೇಗದಲ್ಲೇ ಬರಬೇಕು. ರಾತ್ರಿ ನೀವು ಬರ್ತಲ್ಲಿ ಮಲಗಿರುವಾಗ ಹೊರಗೆ ಒಬ್ಬ ಟಾರ್ಚ್ ಹಿಡಿದು, ಹಿಂದಿನವರ ಎಲೆಯ ಗೊರಬು ಅಲ್ಲದಿದ್ದರೂ ರೇನ್‌ಕೋಟ್ ಹಾಕಿಕೊಂಡು ಹಳಿ ಮೇಲೆ ನಡೆಯುತ್ತಿರುತ್ತಾನೆ. ಜುಲೈಯಲ್ಲಿ ರೈಲು ತಡ ಆಯ್ತು ಅಂತ ಬೈಯುವ ಮೊದಲು ಅವನನ್ನು ನೆನಪು ಮಾಡಿಕೊಳ್ಳಿ.

ಮತ್ತೆ ಒಂಟಿ ಹಳಿ. ಎದುರಿನಿಂದ ರೈಲು ಬಂದರೆ ಒಂದು ಕಾಯಲೇಬೇಕು. ರೋಹಾದಿಂದ ವೀರ್ ತನಕ ಮಾತ್ರ ಜೋಡಿ ಹಳಿ ಆಗಿದೆ, ಅದು ಮಹಾರಾಷ್ಟ್ರದಲ್ಲಿ. ವಿದ್ಯುತ್ ಮಾತ್ರ ಪೂರ್ತಿ ಬಂದಿದೆ, 2022ರಲ್ಲಿ.

ಬಸ್ರೂರು ಬಂದರು:
ಮಗಳಿಗೆ ತೋರಿಸಬೇಕಾದದ್ದು ಇನ್ನೊಂದು ಇದೆ. ಲಾರಿ ಹೊತ್ತ ರೈಲು! ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್ ತನಕ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಸಾಲಾಗಿ ನಿಲ್ಲಿಸಿ ಒಯ್ಯುತ್ತಾರೆ. ಡ್ರೈವರ್‌ಗಳು ಲಾರಿಯಲ್ಲೇ ಕೂತಿರುತ್ತಾರೆ, ಕೆಲವರು ಮಲಗಿರುತ್ತಾರೆ. ಈ ಏರ್ಪಾಡು 1999ರಲ್ಲಿ ಈ ಮಾರ್ಗದಲ್ಲೇ ಶುರುವಾದದ್ದು. ನಮ್ಮ ಮಕ್ಕಳು ಲಾರಿ ಲೆಕ್ಕ ಮಾಡುತ್ತಾ ಕೈ ಬೀಸುತ್ತಾರೆ.

ಕೋಡಿ ಮಗಳು:
ಎಲ್ಲರಿಗೂ ಇವತ್ತೇ ಬರೆಯಬೇಕು ಅನಿಸಿತು. ಊರು ಮುಟ್ಟಿದೆವು. ಮೂರು ದಿನ ಆಯ್ತು.

ಅಮ್ಮ ರಾತ್ರಿ ಚೆನ್ನಾಗಿ ಮಲಗಿದರು. ಸಕಲೇಶಪುರ ದಾಟಿದ್ದು, ಘಾಟಿ ಇಳಿದದ್ದು ಯಾವುದೂ ಗೊತ್ತಾಗಲಿಲ್ಲ ಅವರಿಗೆ. ಘಾಟಿಯಲ್ಲಿ 57 ಸುರಂಗ ಇದೆ ಅಂತ ಮಗಳು ಓದಿಕೊಂಡಿದ್ದಳು, ಎಣಿಸುತ್ತೇನೆ ಅಂತ ಕೂತು ಹನ್ನೊಂದನೇ ಸುರಂಗಕ್ಕೆ ನಿದ್ದೆ ಹೋದಳು. ಉಡುಪಿ ಬಿಟ್ಟ ಕೂಡಲೇ ಮೂರುಕೈ ಆಟೋ ಅಣ್ಣನಿಗೆ ಫೋನ್ ಮಾಡಿದೆ. ಬಾರ್ಕೂರು ಬರುವ ಮೊದಲೇ ಚೀಲ ಎಲ್ಲ ಬಾಗಿಲ ಹತ್ತಿರ ತಂದಿಟ್ಟೆವು.

ನಾನು ಮೊದಲು ಇಳಿದೆ. ಮಗಳು ಸ್ಟೂಲ್ ಕೊಟ್ಟಳು. ಒಂದು ಕಾಲಲ್ಲಿ ಒತ್ತಿ ಹಿಡಿದೆ. ಅಮ್ಮ ಹೇಳಿಕೊಟ್ಟ ಹಾಗೆ ಹಿಂದೆ ತಿರುಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ನೋವಿನ ಕಾಲು ಮೊದಲು ಇಟ್ಟರು. ಸ್ಟೂಲ್ ಸ್ವಲ್ಪ ಕಿರುಗುಟ್ಟಿತು. ಅಷ್ಟರಲ್ಲಿ ಪಕ್ಕದ ಬೋಗಿಯಿಂದ ಇಳಿದ ಒಬ್ಬರು ಓಡಿ ಬಂದು ಇನ್ನೊಂದು ಬದಿ ಹಿಡಿದರು. ಇಳಿದಾಯ್ತು. ಕುಮಟೆ ಹತ್ರದವಳೇ, ನೀವು ಯಾರೋ ಏನೋ, ನಮ್ಮ ಅಮ್ಮ ನಿಮಗೆ ಒಳ್ಳೇದಾಗಲಿ ಅಂದಿದ್ದಾರೆ.

ಆಟೋ ಅಣ್ಣ ಪ್ಲಾಟ್‌ಫಾರ್ಮ್‌ಗೇ ಬಂದು ಚೀಲ ಎತ್ತಿಕೊಂಡರು. ಅಮ್ಮ ಮಾತ್ರ ಕೂಡಲೇ ಹೊರಡಲಿಲ್ಲ. ಸ್ವಲ್ಪ ಕೂರುತ್ತೇನೆ ಅಂತ ಅದೇ ನೀಲಿ ಸ್ಟೂಲ್ ಮೇಲೆ ಕೂತರು. ರೈಲಿನ ಹಿಂದಿನ ಕೆಂಪು ದೀಪ ಬೈಂದೂರು ಕಡೆಗೆ ಹೋಗುವುದನ್ನು ನೋಡಿದರು. "ಇಲ್ಲಿಗೆ ಕಡಲಿನ ಸದ್ದು ಬರುವುದಿಲ್ಲ ಅಲ್ವಾ" ಅಂದರು. ಮಗಳು ತಕ್ಷಣ 1,250 ಮೀಟರ್ ತಿರುವಿನ ಲೆಕ್ಕ ಹೇಳೋಕೆ ಶುರು ಮಾಡಿದಳು. ಅಮ್ಮನಿಗೆ ಎಷ್ಟು ಅರ್ಥ ಆಯ್ತೋ, ಪೂರ್ತಿ ಕೇಳಿಸಿಕೊಂಡರು.

ಸ್ಟೇಷನ್‌ನಿಂದ ಹೊರಟಾಗ ಇನ್ನೂ ಕತ್ತಲು. ಮೂರುಕೈಯಲ್ಲಿ ಹೈವೇ ದಾಟಿ, ಕೋಡಿ ರಸ್ತೆಗೆ ತಿರುಗಿದ ಮೇಲೆ ಅಮ್ಮ ಆಟೋ ನಿಲ್ಲಿಸಿ ಅಂದರು. ಅಣ್ಣ ಎಂಜಿನ್ ಆಫ್ ಮಾಡಿದರು. ಅಲ್ಲಿಗೆ ಸದ್ದು ಕೇಳುತ್ತಿತ್ತು.

ಮೂರುಕೈ ಆಟೋ:
ಅಕ್ಕ, ಸ್ಟೂಲ್ ನನ್ನ ಆಟೋದಲ್ಲೇ ಉಳಿದಿದೆ. ಹಿಂದಿನ ಸೀಟಿನ ಅಡಿಯಲ್ಲಿ ಸಿಕ್ಕಿತು. ವಾಪಸ್ ಹೋಗುವಾಗ ಬೇಕಲ್ವಾ, ಭಾನುವಾರ ಕೋಡಿ ಕಡೆ ಬಾಡಿಗೆ ಇದೆ, ತಂದು ಕೊಡುತ್ತೇನೆ.

ಕೋಡಿ ಮಗಳು:
ಬೇಡ ಅಣ್ಣ, ನಿಮ್ಮ ಆಟೋದಲ್ಲೇ ಇಟ್ಟುಕೊಳ್ಳಿ. ಅಮ್ಮನೇ ಹೇಳಿದರು. ಬೆಳಗಿನ ಜಾವ ಬೇರೆ ಯಾರಿಗಾದರೂ ಬೇಕಾಗುತ್ತದೆ. ನಾವು ಹೊರಡುವ ದಿನ ಅದನ್ನೇ ತನ್ನಿ.